ಒಂದು ಗುಡಿಸಿನ ದೂರ

ಶುಕ್ರವಾರ ಮಧ್ಯಾಹ್ನ ಯಾರದಾದರೂ ಮನೆಯಲ್ಲಿ ಊಟಕ್ಕೆ ಸೇರಿದಾಗ ನನ್ನ ಗಂಡ ಈ ಕಥೆಯನ್ನು ಐದು ನಿಮಿಷದಲ್ಲಿ ಹೇಳಿ ಮುಗಿಸುತ್ತಾರೆ. "ನನ್ನನ್ನು ಈಜಿಪ್ಟಿಗೆ ಕರ್ಕೊಂಡು ಹೋಗಿ ಸೀದಾ ಸ್ಮಶಾನಕ್ಕೆ ಕಳಿಸಿದವಳು ಇವಳು" ಎಂದು ಶುರುಮಾಡುತ್ತಾರೆ. ಎಲ್ಲರೂ ನಗುತ್ತಾರೆ. ನಾನೂ ಸಾರು ಬಡಿಸುತ್ತ ನಗುತ್ತೇನೆ. ಅವರು ಹೇಳುವುದರಲ್ಲಿ ಸುಳ್ಳಿಲ್ಲ. ಆದರೆ ಆ ದಿನ ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷದಿಂದ ಹತ್ತು ಗಂಟೆ ಐದು ನಿಮಿಷದವರೆಗೆ ಅವರೊಂದು ಕಡೆ ಇದ್ದರು, ನಾನೊಂದು ಕಡೆ ಇದ್ದೆ. ಅವರು ಹೇಳುವುದು ಅವರಿದ್ದ ಕಡೆಯ ಕಥೆ. ನಾನಿದ್ದ ಕಡೆ ಏನಾಯಿತೆಂದು ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ. ಕಂಡದ್ದನ್ನು ಕಂಡಷ್ಟೇ ಬರೆಯಲು ಪ್ರಯತ್ನಿಸುತ್ತೇನೆ.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ನಾವು ಕುವೈತಿನ ಖೈತಾನ್ ಬಡಾವಣೆಯ ಎರಡು ಕೋಣೆಯ ಫ್ಲ್ಯಾಟಿನಲ್ಲಿದ್ದೆವು. ಗಂಡನ ಮನೆಮಾತು ತುಳು, ನನ್ನದು ಕೊಂಕಣಿ. ಮನೆಯೊಳಗೆ ಇಬ್ಬರಿಗೂ ನ್ಯಾಯವಾಗಿ ಸಿಕ್ಕಿದ್ದು ಕನ್ನಡ. ಹತ್ತು ವರ್ಷದ ಮಗಳು ಮೂರನ್ನೂ ಅರ್ಥಮಾಡಿಕೊಂಡು ಉತ್ತರವನ್ನು ಇಂಗ್ಲಿಷಿನಲ್ಲಿ ಕೊಡುತ್ತಿದ್ದಳು.

ನಾನು ಫರ್ವಾನಿಯಾದ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ರೋಗಿಗಳ ಫೈಲುಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೆ. ಬಲದಿಂದ ಎಡಕ್ಕೆ ಬರೆದ ಹೆಸರುಗಳನ್ನು ಓದಿ, ಅಜ್ಜನ ಹೆಸರು ಯಾವುದು, ಮನೆತನದ ಹೆಸರು ಯಾವುದು ಎಂದು ಬೇರೆ ಮಾಡಿ ಕಪಾಟಿನಲ್ಲಿ ಇಡಬೇಕು. ಎಂಟು ವರ್ಷ ಇದನ್ನೇ ಮಾಡಿ ಅರಬ್ಬಿ ಓದಲು ಕಲಿತಿದ್ದೆ, ಮಾತೂ ಸಾಕಷ್ಟು ಬರುತ್ತಿತ್ತು. ನಮ್ಮ ಬಳಗದಲ್ಲಿ ಯಾರಿಗಾದರೂ ಇಕಾಮಾದ, ಅಂದರೆ ವಾಸದ ಪರವಾನಗಿಯ, ಕಾಗದ ಓದಿಸಬೇಕಾದರೆ ನನ್ನ ಬಳಿ ಬರುತ್ತಿದ್ದರು. ನನಗೆ ಅದರ ಬಗ್ಗೆ ಸ್ವಲ್ಪ ಹೆಮ್ಮೆಯಿತ್ತು. ಸ್ವಲ್ಪ ಎಂದು ಬರೆದೆ, ಸ್ವಲ್ಪವಲ್ಲ.

ಗಂಡ ಸರ್ವೆಯವರು. ರಸ್ತೆ ಬರುವ ಮೊದಲು ಮರಳಿನಲ್ಲಿ ಮೂರು ಕಾಲಿನ ಯಂತ್ರ ನಿಲ್ಲಿಸಿ, ಒಂದು ಕಣ್ಣು ಮುಚ್ಚಿ, ಗೂಟ ಎಲ್ಲಿ ಹೊಡೆಯಬೇಕೆಂದು ಹೇಳುವ ಕೆಲಸ. ಗುರುತಿಗೆ ಒಂದು ಮರವೂ ಇಲ್ಲದ ಬಯಲಲ್ಲಿ ಹದಿನಾಲ್ಕು ವರ್ಷ ದುಡಿದ ಮನುಷ್ಯ. ಯಾವ ಹೊತ್ತಿಗೂ, ಯಾವ ಊರಲ್ಲೂ, ಒಮ್ಮೆ ಆಕಾಶ ನೋಡಿ ಉತ್ತರ ಯಾವ ಕಡೆ ಎಂದು ಕೈ ತೋರಿಸಬಲ್ಲರು. ಹೊಸ ಮನೆಗೆ ಊಟಕ್ಕೆ ಹೋದರೂ ಕುಳಿತುಕೊಳ್ಳುವ ಮೊದಲು ಅದನ್ನು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಳ್ಳುತ್ತಾರೆ. "ನಾನು ದಾರಿ ತಪ್ಪುವುದು ನನ್ನ ಹೆಣ ಎತ್ತುವ ದಿನ ಮಾತ್ರ" ಎನ್ನುವುದು ಅವರ ಮಾತಾಗಿತ್ತು. ಈಗ ಹಾಗೆ ಹೇಳುವುದಿಲ್ಲ.

ಅವರಿಗೆ ಸಕ್ಕರೆ ಕಾಯಿಲೆ. ಆಗ ನಲವತ್ತಮೂರು ವಯಸ್ಸು, ಇನ್ಸುಲಿನ್ ಶುರುವಾಗಿ ಆರು ವರ್ಷ. ಬೆಳಿಗ್ಗೆ ಸೂಜಿ ಚುಚ್ಚಿಕೊಂಡ ಮೇಲೆ ಹೊಟ್ಟೆಗೆ ಸರಿಯಾಗಿ ಬೀಳಬೇಕು, ಇಲ್ಲದಿದ್ದರೆ ಒಂದೆರಡು ಗಂಟೆಯಲ್ಲಿ ಸಕ್ಕರೆ ಇಳಿಯುತ್ತದೆ. ಹೆಚ್ಚಾಗುವುದು ನಿಧಾನದ ಕಷ್ಟ, ಕಡಿಮೆಯಾಗುವುದು ಅವಸರದ್ದು. ಮೊದಲು ಬೆವರು, ನಡುಕ, ಆಮೇಲೆ ಸಂಬಂಧವಿಲ್ಲದ ಮಾತು, ಆಮೇಲೆ ಬಿದ್ದುಬಿಡುವುದು. ಮನೆಯಲ್ಲಿ ಎರಡು ಸಲ ಹಾಗಾಗಿತ್ತು. ಎರಡು ಸಲವೂ ನಾನು ಪಕ್ಕದಲ್ಲಿದ್ದೆ. ಅದಕ್ಕಾಗಿಯೇ ನನ್ನ ಕೈಚೀಲದಲ್ಲಿ ಯಾವಾಗಲೂ ಜ್ಯೂಸಿನ ಪೊಟ್ಟಣ, ಗ್ಲೂಕೋಸ್ ಬಿಸ್ಕತ್ತು, ಸಕ್ಕರೆ ಗಟ್ಟಿ ಇರುತ್ತಿತ್ತು.

ಈಜಿಪ್ಟಿನ ದಕ್ಷಿಣದ ಆ ಊರಿಗೆ ಹೋಗುವ ಹುಚ್ಚು ಹತ್ತಿಸಿದ್ದು ಗಂಡನ ಜೊತೆ ಕೆಲಸ ಮಾಡುತ್ತಿದ್ದ ಈಜಿಪ್ಟಿನ ಫೋರ್‌ಮನ್. ಲಕ್ಸರ್‌ನವನು. ಅವನು ಅದನ್ನು ಉಕ್ಸುರ್ ಎನ್ನುತ್ತಿದ್ದ. "ನಮ್ಮ ದೇವಸ್ಥಾನದ ಕಂಬಗಳಿಗೆ ನಿನ್ನ ಯಂತ್ರ ಹಿಡಿದು ನೋಡು, ಒಂದು ಕೂದಲೆಳೆ ತಪ್ಪಿದ್ದರೆ ನನ್ನ ಮೀಸೆ ತೆಗೆಯುತ್ತೇನೆ" ಎಂದಿದ್ದನಂತೆ. ಫೆಬ್ರವರಿಯ ರಾಷ್ಟ್ರೀಯ ದಿನದ ರಜೆಗೆ ನಾಲ್ಕು ದಿನ ಸಿಕ್ಕಿತು. ವಿಮಾನದ ತುಂಬ ಮನೆಗೆ ಹೊರಟ ಕೂಲಿಗಳು. ಒಬ್ಬರ ತೊಡೆಯ ಮೇಲೆ ಕಂಬಳಿಯ ಕಟ್ಟು, ಇನ್ನೊಬ್ಬರ ತೊಡೆಯ ಮೇಲೆ ಟೇಬಲ್ ಫ್ಯಾನು. ನೋಡಲು ಹೊರಟವರು ನಾವು ಮೂವರೇ ಇರಬೇಕು. ಪಕ್ಕದ ಮುದುಕ ನಮ್ಮನ್ನು ಎಲ್ಲಿಗೆ ಎಂದು ಕೇಳಿದ. ಕಲ್ಲು ನೋಡಲಿಕ್ಕೆ ಎಂದೆ. ಅವನು ತನ್ನ ಜೊತೆಯವನಿಗೆ ಅದನ್ನು ಹೇಳಿದ, ಇಬ್ಬರೂ ಮರ್ಯಾದೆಯಿಂದ ನಗು ತಡೆದುಕೊಂಡರು.

ಮೊದಲ ದಿನ ನದಿಯ ಈ ದಡದ, ನಮ್ಮ ಲಾಡ್ಜಿದ್ದ ಕಡೆಯ, ದೊಡ್ಡ ದೇವಸ್ಥಾನ ನೋಡಿದೆವು. ಟಗರಿನ ತಲೆಯ ಸಿಂಹಗಳು ಎರಡು ಸಾಲಾಗಿ ಕುಳಿತ ದಾರಿ, ಅದರಾಚೆ ಕಂಬಗಳ ಕಾಡು. ಗಂಡ ಒಂದು ಕಂಬವನ್ನು ಬೆನ್ನಿಗಿಟ್ಟುಕೊಂಡು ಮುಂದಿನದಕ್ಕೆ ಹೆಜ್ಜೆ ಎಣಿಸಿದರು, ಅಲ್ಲಿಂದ ಇನ್ನೊಂದಕ್ಕೆ.

"ಪಪ್ಪ, ಸ್ಟಾಪ್ ಕೌಂಟಿಂಗ್. ಎವ್ರಿಬಡಿ ಈಸ್ ಲುಕಿಂಗ್" ಎಂದಳು ಮಗಳು.

"ನೋಡ್ಲಿ. ಮೂರು ಸಾವಿರ ವರ್ಷ ಆದ್ಮೇಲೆ ಇವರ ಸರ್ವೆ ಚೆಕ್ ಮಾಡ್ಲಿಕ್ಕೆ ಒಬ್ಬ ಬಂದಿದ್ದಾನೆ ಅಂತ ಅವರಿಗೂ ಖುಷಿ."

"ಮೀಸೆ ಉಳೀತಾ?" ಎಂದೆ ನಾನು.

"ಉಳೀತು ಮಾರಾಯ್ತಿ. ನನಗೇ ನಾಚಿಕೆ ಆಗ್ತಾ ಉಂಟು. ನಮ್ಮ ಸಿಕ್ಸ್ತ್ ರಿಂಗ್ ರೋಡು ಇದರ ಮುಂದೆ ಹಾವು."

ಅವರನ್ನು ಅಷ್ಟು ಸಂತೋಷವಾಗಿ ನಾನು ಬಹಳ ದಿನದಿಂದ ನೋಡಿರಲಿಲ್ಲ.

ಎರಡನೆಯ ದಿನ ಆಚೆ ದಡಕ್ಕೆ ಹೊರಟೆವು. ಸೂರ್ಯ ಹುಟ್ಟುವ ದಡದಲ್ಲಿ ದೇವರಿಗೆ ಮನೆ, ಮುಳುಗುವ ದಡದಲ್ಲಿ ಸತ್ತವರಿಗೆ ಮನೆ ಎನ್ನುವುದು ಅಲ್ಲಿಯ ಹಳೆಯ ಲೆಕ್ಕ. ಆರು ಮುಕ್ಕಾಲಿಗೆ ಅವರು ಎಂದಿನಷ್ಟೇ ಇನ್ಸುಲಿನ್ ತೆಗೆದುಕೊಂಡರು. ಏಳಕ್ಕೆ ಲಾಡ್ಜಿನವರು ರೊಟ್ಟಿಯ ಜೊತೆ ಬೇಯಿಸಿ ಅರೆದ ಅವರೆಯಂಥ ಕಾಳನ್ನು ಕೊಟ್ಟರು. ಅವರಿಗೆ ಅದರ ವಾಸನೆ ಹಿಡಿಸಲಿಲ್ಲ. ಅರ್ಧ ರೊಟ್ಟಿ ತಿಂದು ಎದ್ದರು. ನಾನು ಅದನ್ನು ನೋಡಿದೆ. ದಾರಿಯಲ್ಲಿ ಬಿಸ್ಕತ್ತು ಕೊಟ್ಟರಾಯಿತು ಎಂದುಕೊಂಡೆ. ದೋಣಿಯಲ್ಲಿ ಮಗಳ ಹೊಸ ಚಪ್ಪಲಿ ಕಚ್ಚಿ ಹಿಮ್ಮಡಿಯಲ್ಲಿ ಗುಳ್ಳೆ ಎದ್ದಿತ್ತು. ಅದಕ್ಕೆ ಪಟ್ಟಿ ಹಾಕುವುದರಲ್ಲಿ ಬಿಸ್ಕತ್ತು ಮರೆತುಹೋಯಿತು.

ದಡದಲ್ಲಿ ಒಬ್ಬ ಟ್ಯಾಕ್ಸಿಯವನನ್ನು ಮಧ್ಯಾಹ್ನದವರೆಗೆ ಗೊತ್ತುಮಾಡಿಕೊಂಡೆವು. ಬಿಳಿ ಮುಂಡಾಸಿನ, ಐವತ್ತರ ಸುಮಾರಿನ, ಮೆತ್ತಗೆ ಮಾತಾಡುವ ಮನುಷ್ಯ. ಪಶ್ಚಿಮಕ್ಕೆ ಹೋಗುವ ರಸ್ತೆಯ ಬದಿಯಲ್ಲಿ ಎರಡು ದೊಡ್ಡ ಕಲ್ಲಿನ ರಾಜರು ಕುಳಿತಿದ್ದಾರೆ, ಮುಖ ಉದುರಿಹೋದವರು. ಅಲ್ಲಿ ಇಳಿದೆವು. ಎರಡೂ ಕಡೆ ಕಬ್ಬು. ಎದೆಯೆತ್ತರದ, ಗಾಳಿಗೆ ಸದ್ದು ಮಾಡುವ ಹಸಿರು ಕಬ್ಬು. ಗಂಡ ಕಲ್ಲಿನ ರಾಜರಿಗೆ ಬೆನ್ನು ಹಾಕಿ ಕಬ್ಬನ್ನು ನೋಡುತ್ತ ನಿಂತರು.

"ಮುಂದಿನ ದೇವಸ್ಥಾನ ಎಷ್ಟು ದೂರ ಕೇಳು."

ನಾನು ಕೇಳಿದೆ. ಒಂದು ಕಿಲೋಮೀಟರಿಗೆ ಸ್ವಲ್ಪ ಜಾಸ್ತಿ ಎಂದ.

"ನಾನು ನಡ್ಕೊಂಡು ಬರ್ತೇನೆ. ಮಣ್ಣಿನ ಮೇಲೆ ನಡೆಯದೆ ಎಷ್ಟು ವರ್ಷ ಆಯ್ತು! ನೀವು ಕಾರಿನಲ್ಲಿ ಹೋಗಿ, ಇವಳ ಕಾಲು ನೋವು."

"ದಾರಿ?"

"ಕೇಳಿ ಹೇಳು. ನೀನು ಅರಬ್ಬಿ ಪಂಡಿತೆ ಅಲ್ವಾ?"

ಟ್ಯಾಕ್ಸಿಯವನು ಕೈಯಲ್ಲಿ ಮಗಳ ನೀರಿನ ಬಾಟಲಿ ಹಿಡಿದುಕೊಂಡಿದ್ದ. ಇದನ್ನು ನೆನಪಿಟ್ಟು ಬರೆಯುತ್ತಿದ್ದೇನೆ, ಏಕೆಂದರೆ ಕೈ ಖಾಲಿ ಇದ್ದಿದ್ದರೆ ಅವನು ಕೈ ಮಾಡಿ ತೋರಿಸುತ್ತಿದ್ದ. ನೇರ ಹೋಗಬೇಕು, ಕೂಡುರಸ್ತೆ ಬರುತ್ತದೆ, ಅಲ್ಲಿ ಶಿಮಾಲ್ ಎಂದ.

ಕುವೈತಿನಲ್ಲಿ ದಾರಿ ಹೇಳಲು ಮೂರು ಮಾತು ಸಾಕು. ಸೀದಾ, ಯಮೀನ್, ಯಸಾರ್. ನೇರ, ಬಲ, ಎಡ. ಮೊದಲನೆಯದು ನಮ್ಮ ಕಡೆಯಿಂದಲೇ ಹೋದದ್ದು. ಶಮಾಲ್ ಎಂದರೆ ಉತ್ತರ. ಉತ್ತರದಿಂದ ಬೀಸಿ ಊರನ್ನು ಧೂಳಿನಲ್ಲಿ ಮುಚ್ಚುವ ಗಾಳಿಗೂ ಅದೇ ಹೆಸರು. ಶಮಾಲ್ ಎದ್ದ ದಿನ ನಮ್ಮ ಕ್ಲಿನಿಕ್ಕಿನಲ್ಲಿ ಉಬ್ಬಸದವರ ಸಾಲು ಬಾಗಿಲಿನಿಂದಾಚೆ ಹೋಗುತ್ತಿತ್ತು. ಎಂಟು ವರ್ಷದಲ್ಲಿ ಆ ಪದವನ್ನು ನಾನು ಸಾವಿರ ಸಲ ಕೇಳಿರಬೇಕು. ಯೋಚಿಸಲೇ ಇಲ್ಲ.

"ಸೀದಾ ಹೋಗಿ. ಕೂಡುರಸ್ತೆ ಬರ್ತದಂತೆ, ಅಲ್ಲಿ ಉತ್ತರಕ್ಕೆ" ಎಂದೆ.

"ಉತ್ತರಕ್ಕಾ? ಭೇಷ್. ಇವನು ನಮ್ಮ ಜಾತಿಯವನು. ಎಡ ಬಲ ಅನ್ಲಿಲ್ಲ ನೋಡು" ಎಂದು ಗಂಡ ಖುಷಿಯಾಗಿ ಅವನ ಬೆನ್ನು ತಟ್ಟಿ ಹೊರಟರು. ಬಿಸಿಲು ಟೋಪಿ, ನೀಲಿ ಗೆರೆಯ ಅಂಗಿ. ಆಗ ಎಂಟು ಹತ್ತು. ಫೋನು ಇರಲಿಲ್ಲ; ನಮ್ಮ ಕುವೈತಿನ ಫೋನು ಅಲ್ಲಿ ಹಿಡಿಯದೆಂದು ಲಾಡ್ಜಿನಲ್ಲೇ ಬಿಟ್ಟಿದ್ದೆವು. ಬಿಸ್ಕತ್ತು, ಜ್ಯೂಸು ನನ್ನ ಚೀಲದಲ್ಲಿ ಇತ್ತು.

ನಮ್ಮ ಕಾರು ಕೂಡುರಸ್ತೆಯಲ್ಲಿ ಯಾವ ಕಡೆ ತಿರುಗಿತು ಎಂದು ನಾನು ಗಮನಿಸಲಿಲ್ಲ. ಮಗಳ ಹಿಮ್ಮಡಿಯ ಪಟ್ಟಿ ಸರಿಮಾಡುತ್ತಿದ್ದೆ.

ದೇವಸ್ಥಾನದ ಗೋಡೆ ಕೋಟೆಯಂತಿತ್ತು. ಒಳಗೆ ಹೋಗದೆ ಹೆಬ್ಬಾಗಿಲ ಹತ್ತಿರವೇ ಕಾದೆವು. ಎಂಟೂ ಮೂವತ್ತೈದಕ್ಕೆ ಬರಬೇಕಿತ್ತು. ಎಂಟೂ ಮುಕ್ಕಾಲಾಯಿತು. ಕಬ್ಬು ಮುರಿದು ತಿನ್ನುತ್ತಿರಬೇಕು ಎಂದುಕೊಂಡೆ. ಹೊತ್ತು ಕಳೆಯಲು ಮಗಳನ್ನು ಕರೆದುಕೊಂಡು ಒಳ ಅಂಗಳದವರೆಗೆ ಹೋದೆ. ಗೋಡೆಯ ಮೇಲೆ ಯುದ್ಧ ಗೆದ್ದ ರಾಜ ನಿಂತಿದ್ದ, ಅವನ ಮುಂದೆ ಒಂದು ರಾಶಿ. ಏನೆಂದು ಬಗ್ಗಿ ನೋಡಿದೆ. ಕೈಗಳು. ಸತ್ತ ಶತ್ರುಗಳ ಕತ್ತರಿಸಿದ ಕೈಗಳ ರಾಶಿ. ಪಕ್ಕದಲ್ಲಿ ಒಬ್ಬ ಗುಮಾಸ್ತ ಎಣಿಸಿ ಬರೆದುಕೊಳ್ಳುತ್ತಿದ್ದ. ಮುಖದಲ್ಲಿ ಏನೂ ಇಲ್ಲ; ಕೆಲಸದ ಮುಖ. ಫೈಲು ತೆಗೆದಿಡುವಾಗ ನನ್ನ ಮುಖವೂ ಹಾಗೇ ಇರುತ್ತದೆ. ಸತ್ತವರ ಫೈಲನ್ನು ಬೇರೆ ಕಪಾಟಿಗೆ ಹಾಕುವಾಗಲೂ. ನಾನು ಮಗಳ ಕೈ ಹಿಡಿದು ಹೊರಗೆ ಬಂದೆ.

ಒಂಬತ್ತು ಗಂಟೆ. ಟ್ಯಾಕ್ಸಿಯವನನ್ನು ನೋಡಿ ಬರಲು ಕಳಿಸಿದೆ. ಅವನು ಕಲ್ಲಿನ ರಾಜರವರೆಗೂ ಹೋಗಿ ಹನ್ನೆರಡು ನಿಮಿಷದಲ್ಲಿ ಮರಳಿ ಬಂದ. ದಾರಿಯಲ್ಲಿ ಯಾರೂ ಇಲ್ಲ ಎಂದ.

ಆಗ ನಾನು ಮಾಡಿದ್ದನ್ನು ಬರೆಯಲೇಬೇಕು. ಅವನ ಮೇಲೆ ಕೂಗಾಡಿದೆ. ಟಿಕೆಟ್ಟಿನವರು, ಬೊಂಬೆ ಮಾರುವವರು, ಒಂದು ಬಸ್ಸಿನ ಪ್ರವಾಸಿಗರು, ಎಲ್ಲರ ಮುಂದೆ. ನೀನೇ ತಪ್ಪು ದಾರಿ ಹೇಳಿದ್ದು, ಅವರು ಕಾಯಿಲೆ ಮನುಷ್ಯ, ಏನಾದರೂ ಆದರೆ ನೀನೇ ಹೊಣೆ ಎಂದೆ. ಎಂಟು ವರ್ಷದಲ್ಲಿ ಕಲಿತ ಅರಬ್ಬಿಯೆಲ್ಲ ಆ ಹೊತ್ತಿನಲ್ಲಿ ತಡೆಯಿಲ್ಲದೆ ಬಂತು.

ಅವನು ಮುಂಡಾಸು ಸರಿಮಾಡಿಕೊಂಡ. "ನಾನು ಶಿಮಾಲ್ ಎಂದೆ, ಮದಾಮ್."

"ಅವರು ಅಲ್ಲಿಗೇ ಹೋಗಿದ್ದಾರೆ! ನೀನು ಹೇಳಿದಲ್ಲಿಗೇ!"

"ಶಿಮಾಲಿಗೆ ಬಂದಿದ್ದರೆ ಇಲ್ಲಿರುತ್ತಿದ್ದರು. ದೇವರಾಣೆ, ಶಿಮಾಲ್ ಎಂದೆ. ಶಿಮಾಲ್!" ಎಂದು ಅವನು ಎಡಗೈ ಎತ್ತಿ, ಬಲಗೈಯಿಂದ ಅದನ್ನು ಎರಡು ಸಲ ಬಡಿದು ತೋರಿಸಿದ. ಕಣ್ಣಲ್ಲಿ ನೀರಿತ್ತು.

"ಅಮ್ಮ" ಎಂದಳು ಮಗಳು. "ಹೀ ಮೀನ್ಸ್ ಲೆಫ್ಟ್."

"ಸುಮ್ಮನಿರು."

"ನೋ, ಲುಕ್! ನದಿ ಅಲ್ಲಿ ಉಂಟು, ಅದು ಈಸ್ಟ್ ಅಂತ ಪಪ್ಪ ಹೇಳಿದ್ರು. ನಾವು ವೆಸ್ಟ್ ಬಂದ್ವಿ. ಆಮೇಲೆ ಲೆಫ್ಟ್ ತಗೊಂಡ್ವಿ. ದಿಸ್ ಈಸ್ ಸೌತ್, ಅಮ್ಮ. ವಿ ಆರ್ ಇನ್ ದ ಸೌತ್."

ಅವಳು ಅಷ್ಟು ಉದ್ದಕ್ಕೆ ಕನ್ನಡ ಸೇರಿಸಿ ಮಾತಾಡಿದ್ದು ಅದೇ ಮೊದಲು. ಹೆದರಿದ್ದಳು.

ರಜೆ ಮುಗಿಸಿ ಕುವೈತಿಗೆ ಮರಳಿ ಬಂದ ಮೇಲೆ ನಮ್ಮ ಕ್ಲಿನಿಕ್ಕಿನ ಈಜಿಪ್ಟಿನ ಡಾಕ್ಟರೊಬ್ಬರನ್ನು ಕೇಳಿದೆ. ಅವರು ನಮ್ಮೊಡನೆ ಯಾವಾಗಲೂ ಇಂಗ್ಲಿಷಿನಲ್ಲೋ ಕುವೈತಿನ ಮಾತಿನಲ್ಲೋ ವ್ಯವಹರಿಸುವವರು, ಹಾಗಾಗಿ ಅವರ ಊರಿನ ಮಾತು ನನ್ನ ಕಿವಿಗೆ ಬಿದ್ದಿರಲಿಲ್ಲ. "ನಮ್ಮಲ್ಲಿ ಎಡಕ್ಕೆ ಶಿಮಾಲ್ ಎನ್ನುತ್ತೇವೆ, ಉತ್ತರಕ್ಕೆ ಶಮಾಲ್" ಎಂದರು. ಅರಬ್ಬಿಯಲ್ಲಿ ಬರೆದರೆ ಎರಡೂ ಒಂದೇ, ಅದೇ ನಾಲ್ಕು ಅಕ್ಷರ. ನಮ್ಮ ಲಿಪಿಯಲ್ಲಾದರೆ ತಲೆಯ ಮೇಲೆ ಒಂದು ಗುಡಿಸು ಕೊಟ್ಟು ಬೇರೆ ಮಾಡುತ್ತೇವೆ. ಆ ಗುಡಿಸು ಟ್ಯಾಕ್ಸಿಯವನ ಬಾಯಲ್ಲಿ ಸ್ಪಷ್ಟವಾಗಿತ್ತು. ನಾನು ಅದನ್ನು ಕೇಳಿಸಿಕೊಳ್ಳಲಿಲ್ಲ. ಕಣ್ಣಿಂದ ಓದಿ ಕಲಿತವಳು. ಕಿವಿಗೆ ಬಿದ್ದದ್ದನ್ನೂ ಕಪಾಟಿನಲ್ಲಿದ್ದ ಹಳೆಯ ಫೈಲಿಗೆ ಸೇರಿಸಿದೆ.

ಆ ಬೆಳಿಗ್ಗೆ ಕಾರಿನಲ್ಲಿ ಹಿಂದಿನ ಸೀಟಿನಿಂದ ಟ್ಯಾಕ್ಸಿಯವನಿಗೆ ತಪ್ಪು ನನ್ನದು ಎಂದೆ. ಕೂಗಾಡಿದ್ದಕ್ಕೆ ಕ್ಷಮೆ ಕೇಳಿದೆ. ಅವನು ತಿರುಗಿ ನೋಡಲಿಲ್ಲ. "ಮಅಲೇಶ್, ಮದಾಮ್. ಮಅಲೇಶ್" ಎಂದ. ಪರವಾಗಿಲ್ಲ, ಬಿಡಿ ಎನ್ನುವ ಮಾತು. ಕೂಡುರಸ್ತೆಯಲ್ಲಿ ನೇರ ಮುಂದಕ್ಕೆ, ಉತ್ತರದ ರಸ್ತೆಗೆ ಹಾಕಿ ಜೋರಾಗಿ ಓಡಿಸಿದ. ಒಂಬತ್ತು ಇಪ್ಪತ್ತು. ಸೂಜಿ ಚುಚ್ಚಿಕೊಂಡು ಎರಡೂವರೆ ಗಂಟೆ ಮೀರಿತ್ತು. ಅರ್ಧ ರೊಟ್ಟಿ.

ಆ ರಸ್ತೆಯಲ್ಲಿ ಮೊದಲು ಒಂದು ಮುರಿದ ದೇವಸ್ಥಾನ. ಅಲ್ಲಿಯ ಕಾವಲಿನವನು ನೋಡಿದ್ದ. ಟೋಪಿಯ ಹಿಂದಿ ಮನುಷ್ಯ (ಅಲ್ಲಿಯವರಿಗೆ ಇಂಡಿಯಾದವರೆಲ್ಲ ಹಿಂದಿ) ಬಂದಿದ್ದ, ಒಳಗೆ ಇಣುಕಿ ಯಾರನ್ನೋ ಹುಡುಕಿದ, ಇನ್ನೂ ಮುಂದೆ ಹೋದ ಎಂದ. ನಮ್ಮ ಕಾರು ಕಾಣದೆ, ಇದಲ್ಲ, ಇನ್ನೂ ಉತ್ತರಕ್ಕಿರಬೇಕು ಎಂದು ಹೋಗಿದ್ದಾರೆ. ಎಷ್ಟು ಹೊತ್ತಾಯಿತು? ಮುಕ್ಕಾಲು ಗಂಟೆ. ಹೇಗಿದ್ದರು? ಅವನು ಅಂಗೈ ಬಿಡಿಸಿ ಅಲುಗಿಸಿದ. ನಡೆಯುವುದು ಹಾಗಿತ್ತು ಎಂಬಂತೆ.

ಅಲ್ಲಿಂದ ಎಡಕ್ಕೆ ಗುಡ್ಡ. ಒಂದು ಗಿಡವಿಲ್ಲದ, ಒಣ ರೊಟ್ಟಿಯ ಬಣ್ಣದ ಗುಡ್ಡ, ಅದರ ಮೈಮೇಲೆಲ್ಲ ಗೋರಿಗಳು. ರಾಜರದ್ದಲ್ಲ; ಅವರ ಮಂತ್ರಿ, ಗುಮಾಸ್ತ, ತೋಟದ ಅಧಿಕಾರಿಗಳದ್ದು. ಗೋರಿಗಳ ನಡುವೆಯೇ ಜನ ಮನೆ ಕಟ್ಟಿಕೊಂಡಿದ್ದರು. ನೀಲಿ, ಹಳದಿ ಗೋಡೆಗಳ ಮೇಲೆ ಹಜ್‌ಗೆ ಹೋಗಿ ಬಂದವರ ವಿಮಾನದ ಚಿತ್ರ. ಆ ಮನೆಗಳನ್ನೆಲ್ಲ ಆಮೇಲೆ ಕೆಡವಿದರು ಎಂದು ಕೇಳಿದ್ದೇನೆ. ಮನೆಗೂ ಮನೆಗೂ ನಡುವೆ ನೆಲದಲ್ಲಿ ಬಾಯಿ ತೆರೆದ ಹೊಂಡಗಳು, ಕೆಲವಕ್ಕೆ ಬೇಲಿ, ಕೆಲವಕ್ಕೆ ಇಲ್ಲ.

ಕಾರು ಮೇಲೆ ಹೋಗುವುದಿಲ್ಲ. ಟ್ಯಾಕ್ಸಿಯವನು ಒಂದು ಕಡೆ ಹೋದ, ನಾನೂ ಮಗಳೂ ಇನ್ನೊಂದು ಕಡೆ. ಅವಳು ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಹತ್ತಿದಳು. ನಾನು ನಾಲ್ಕು ಹೊಂಡಗಳಲ್ಲಿ ಬಗ್ಗಿ ನೋಡಿದೆ. ಮಗಳನ್ನು ಹಿಂದೆ ನಿಲ್ಲಿಸಿ ನೋಡಿದೆ. ಮೊದಲ ಮೂರರಲ್ಲಿ ಕತ್ತಲೆ, ಕಲ್ಲು, ಒಂದು ಮುರಿದ ಬುಟ್ಟಿ. ನಾಲ್ಕನೆಯದರ ತಳದಲ್ಲಿ ನೀಲಿ ಬಣ್ಣದ್ದೇನೋ ಕಂಡಿತು. ನನ್ನ ಕಿವಿಯಲ್ಲಿ ಸದ್ದೆಲ್ಲ ನಿಂತುಹೋಯಿತು. ಮೊಣಕಾಲೂರಿ, ಅಂಚು ಹಿಡಿದು ನೋಡಿದೆ. ಪ್ಲಾಸ್ಟಿಕ್ ಚೀಲ. ಅದು ಪ್ಲಾಸ್ಟಿಕ್ ಚೀಲ ಎಂದು ಗೊತ್ತಾದ ಮೇಲೂ ಸ್ವಲ್ಪ ಹೊತ್ತು ಅದನ್ನೇ ನೋಡುತ್ತಿದ್ದೆ.

ಆಗ ಮೇಲಿನಿಂದ ಯಾರೋ ಹಿಂದಿಯಲ್ಲಿ ಕೂಗಿದರು.

"ಭಾಭೀ! ಓ ಭಾಭೀ! ಇಧರ್! ಇಧರ್ ಆವೋ!"

ತಲೆಯೆತ್ತಿ ನೋಡಿದೆ. ಉದ್ದ ನಿಲುವಂಗಿಯ, ಬಿಳಿ ಗಡ್ಡದ ಒಬ್ಬ ಮುದುಕ ವಿಮಾನದ ಚಿತ್ರವಿದ್ದ ಗೋಡೆಯ ಪಕ್ಕ ನಿಂತು ಎರಡೂ ಕೈ ಬೀಸುತ್ತಿದ್ದ. ಅವನ ಬಾಯಿಂದ ಆ ಭಾಷೆ ಬಂದದ್ದು ಹೇಗೆ ಎಂದು ಯೋಚಿಸುವಷ್ಟು ನಾನು ನಿಲ್ಲಲಿಲ್ಲ. ಮಗಳು ನನಗಿಂತ ಮೊದಲೇ ಓಡಿದ್ದಳು.

ಮನೆಯ ಮುಂದಿನ ಮಣ್ಣಿನ ಜಗಲಿಯಲ್ಲಿ ನನ್ನ ಗಂಡ ಗೋಡೆಗೆ ಒರಗಿ ಕುಳಿತಿದ್ದರು. ಅಂಗಿ ಬೆವರಿನಿಂದ ಮೈಗೆ ಅಂಟಿತ್ತು, ಮುಖ ಬೂದಿಯ ಬಣ್ಣ. ಕೈಯಲ್ಲಿ ಒಂದು ಪುಟ್ಟ ಗಾಜಿನ ಲೋಟ. ಹತ್ತು ಗಂಟೆ ಐದು ನಿಮಿಷ.

"ಬಂದ್ಯಾ?" ಎಂದರು. ನಾಲಿಗೆ ಇನ್ನೂ ಸ್ವಲ್ಪ ತೊದಲುತ್ತಿತ್ತು. "ನಿಮ್ಮ ದೇವಸ್ಥಾನ ಸಿಗ್ಲೇ ಇಲ್ಲ ಮಾರಾಯ್ತಿ."

ನಾನು ಅವರ ಕೈ ಮುಟ್ಟಿ ನೋಡಿದೆ. ತಣ್ಣಗಿತ್ತು, ಒದ್ದೆಯಿತ್ತು, ಆದರೆ ನನ್ನ ಬೆರಳನ್ನು ಹಿಡಿದುಕೊಂಡಿತು. ಮಗಳ ಹೆಸರು ಕೇಳಿದೆ, ಹೇಳಿದರು. ನಮ್ಮ ಫ್ಲ್ಯಾಟು ಯಾವ ಮಹಡಿ ಎಂದು ಕೇಳಿದೆ. "ಮೂರು. ಲಿಫ್ಟು ಕೆಟ್ಟಿದೆ" ಎಂದರು. ಅದೂ ಸರಿ. ಅಲ್ಲೇ ನೆಲಕ್ಕೆ ಕುಳಿತೆ.

ಮುದುಕ ನಡೆದದ್ದನ್ನು ಹೇಳಿದ. ಅವನು ಆ ಗುಡ್ಡದ ಗೋರಿಗಳ ಕಾವಲಿನವನು. ಟೋಪಿಯ ಮನುಷ್ಯ ತೂರಾಡುತ್ತ ಬರುವುದನ್ನು ಕಂಡು, ಕುಡಿದವನೆಂದು ತಡೆದು ಯಾರು ನೀನು ಎಂದು ಕೇಳಿದನಂತೆ. ನನ್ನ ಗಂಡನಿಗೆ ಆ ಹೊತ್ತಿಗೆ ಮಾತು ನೆಟ್ಟಗಿರಲಿಲ್ಲ. ಆದರೆ ಯಾರಾದರೂ ಅಧಿಕಾರದ ದನಿಯಲ್ಲಿ ತಡೆದು ನಿಲ್ಲಿಸಿದರೆ ಕುವೈತಿನಲ್ಲಿ ಬದುಕಿದ ನಮ್ಮಂಥವರ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ತಲೆ ಕೆಲಸ ಮಾಡದಿದ್ದರೂ ಅವರ ಕೈ ಕೆಲಸ ಮಾಡಿತ್ತು. ಕುವೈತಿನ ಗುರುತಿನ ಚೀಟಿಯನ್ನು ತೆಗೆದು ಅವನ ಮುಂದೆ ಹಿಡಿದಿದ್ದರು.

"ಬತಾಕಾ ದೇಖಾ" ಎಂದ ಮುದುಕ, ಆ ಚೀಟಿಯನ್ನು ಅಂಗೈಯಲ್ಲಿ ತೋರಿಸುತ್ತ. "ಕುವೈತ್! ಹಮ್ ಭೀ ಗ್ಯಾರಾ ಸಾಲ್ ಕುವೈತ್. ಫರ್ವಾನಿಯಾ. ಕಾಂಕ್ರೀಟ್ ಕಾ ಕಾಮ್. ಹಮಾರಾ ಕ್ಯಾಂಪ್ ಮೇ ಏಕ್ ಮಲಬಾರಿ ಭಾಯಿ ಥಾ, ಶುಗರ್ ವಾಲಾ. ಸೇಮ್ ಸೇಮ್! ಪಸೀನಾ, ಪಾಗಲ್ ಬಾತ್, ಫಿರ್ ಧಡಾಮ್. ಹಮ್ ಬೋಲಾ, ಯಲ್ಲಾ, ಚಾಯ್!"

ಹನ್ನೊಂದು ವರ್ಷ ಕುವೈತಿನ ಕ್ಯಾಂಪಿನಲ್ಲಿದ್ದು ಅವನು ಹಿಂದಿಯನ್ನೂ ಕಲಿತಿದ್ದ, ಸಕ್ಕರೆ ಇಳಿದವರ ಬೆವರು, ಹುಚ್ಚು ಮಾತನ್ನೂ ಕಂಡಿದ್ದ. ಆ ಕಡೆಯ ಚಹಾ ಎಂದರೆ ಕಪ್ಪು ಪಾಕ. ಒಂದು ಲೋಟಕ್ಕೆ ನಾಲ್ಕೈದು ಚಮಚ ಸಕ್ಕರೆ ಹಾಕಿ ಕುದಿಸುತ್ತಾರೆ. ಮೊದಲ ಲೋಟವನ್ನು ಗಂಡ ಉಗುಳಿದರಂತೆ. ಮನೆಯಲ್ಲಿ ಹೆಂಡತಿ ಬೈತಾಳೆ ಎಂದರಂತೆ, ಕನ್ನಡದಲ್ಲಿ. ಮುದುಕ ಗಲ್ಲ ಹಿಡಿದು ಕುಡಿಸಿದ್ದ. ಆಮೇಲೆ ತಾವೇ ಕುಡಿದರು. ಈಗ ಕೈಯಲ್ಲಿದ್ದದ್ದು ನಾಲ್ಕನೆಯದು.

ನನಗೆ ನಗು ಬಂತು. ಬಿಕ್ಕಳಿಕೆಯಂತೆ ಶುರುವಾಗಿ ನಿಲ್ಲಲಿಲ್ಲ. ಮುದುಕನ ಸೊಸೆ ಬಾಗಿಲಲ್ಲಿ ನಿಂತು ನನ್ನನ್ನು ನೋಡುತ್ತಿದ್ದಳು, ಆಮೇಲೆ ಬಂದು ನನ್ನ ಬೆನ್ನು ತಿಕ್ಕಿದಳು. ಆಗ ಗೊತ್ತಾಯಿತು, ನಾನು ಅಳುತ್ತಿದ್ದೆ. ಟ್ಯಾಕ್ಸಿಯವನು ಏದುಸಿರು ಬಿಡುತ್ತ ಬಂದು, ನನ್ನ ಗಂಡನನ್ನು ಕಂಡು, ಬಾಗಿ ಅವರ ತಲೆಗೆ ಮುತ್ತಿಟ್ಟ. ಗಂಡನಿಗೆ ಅದರ ತಲೆಬುಡ ತಿಳಿಯಲಿಲ್ಲ.

ಬಿಸ್ಕತ್ತು ಪೊಟ್ಟಣ ಪೂರ್ತಿ ತಿನ್ನಿಸಿದೆ. ಮುಖಕ್ಕೆ ಬಣ್ಣ ಬಂದ ಮೇಲೆ ಹೇಳಿದೆ.

"ತಪ್ಪು ನನ್ನದು. ಅವನು ಎಡ ಅಂದ. ನಾನು ಉತ್ತರ ಅಂದೆ."

ಅವರು ತಲೆಯೆತ್ತಿ ಒಮ್ಮೆ ಆಕಾಶ ನೋಡಿದರು. "ಆದ್ರೆ ನಾನು ಬಂದದ್ದು ಉತ್ತರಕ್ಕೇ ಅಲ್ವಾ?"

"ಉತ್ತರಕ್ಕೇ."

"ಹಾಗಾದ್ರೆ ನನ್ನ ಸರ್ವೆಯಲ್ಲಿ ತಪ್ಪಿಲ್ಲ."

"ಇಲ್ಲ ಮಾರಾಯ್ರೆ, ನಿಮ್ಮದೇನೂ ತಪ್ಪಿಲ್ಲ."

"ಅಷ್ಟು ಸಾಕು" ಎಂದು ಕಣ್ಣು ಮುಚ್ಚಿ ಗೋಡೆಗೆ ಒರಗಿದರು. ಬೈದಿದ್ದರೆ ಒಳ್ಳೆಯದಿತ್ತು ಎಂದು ನನಗೆ ಎಷ್ಟೋ ದಿನ ಅನಿಸಿದೆ.

ಹೊರಡುವ ಮೊದಲು ಮುದುಕ ತನ್ನ ಮನೆಯ ಕೆಳಗಿನ ಗೋರಿಯ ಬೀಗ ತೆಗೆದು ತೋರಿಸಿದ. ಬೇಡವೆಂದರೆ ಅವನಿಗೆ ನೋವಾಗುತ್ತಿತ್ತು. ಹತ್ತು ಮೆಟ್ಟಿಲು ಇಳಿಯಬೇಕು. ಗಂಡನ ಒಂದು ತೋಳು ನಾನು ಹಿಡಿದೆ, ಇನ್ನೊಂದನ್ನು ಟ್ಯಾಕ್ಸಿಯವನು. ಒಳಗೆ ಕೈದೀಪದ ಬೆಳಕಿನಲ್ಲಿ ಗೋಡೆಯ ತುಂಬ ಗದ್ದೆ. ಒಬ್ಬ ಉಳುತ್ತಿದ್ದಾನೆ, ಹೆಂಡತಿ ಹಿಂದಿನಿಂದ ಬೀಜ ಬಿತ್ತುತ್ತಿದ್ದಾಳೆ. ಸತ್ತ ಮೇಲೆ ಸಿಗುವ ಊರು ಅದು, ಅಲ್ಲಿ ಪೈರು ಆಳೆತ್ತರ ಬೆಳೆಯುತ್ತದೆ ಎಂದು ಮುದುಕ ವಿವರಿಸಿದ. ಬಣ್ಣ ನಿನ್ನೆ ಹಚ್ಚಿದಂತಿತ್ತು. ಚೆನ್ನಾಗಿತ್ತು. ಆದರೆ ನನಗೆ ಒಳಗೆ ನಿಲ್ಲಲಾಗಲಿಲ್ಲ. ಬಿಸಿಲಿಗೆ ಹೋಗುವ ಎಂದೆ.

ಕೈಗಳ ರಾಶಿಯಿದ್ದ ದೇವಸ್ಥಾನಕ್ಕೆ ಮತ್ತೆ ಹೋಗಲಿಲ್ಲ, ರಾಜರ ಕಣಿವೆಗೂ ಹೋಗಲಿಲ್ಲ. ಹನ್ನೆರಡರ ದೋಣಿ ಹತ್ತಿ ಈ ದಡಕ್ಕೆ ಬಂದು ಲಾಡ್ಜು ಸೇರಿದೆವು. ಅವರನ್ನು ಮಲಗಿಸಿ, ಪೆಟ್ಟಿಗೆಯಿಂದ ಸಕ್ಕರೆ ಅಳೆಯುವ ಯಂತ್ರ ತೆಗೆದು, ಬೆರಳ ತುದಿಯಿಂದ ಒಂದು ಹನಿ ರಕ್ತ ಹಿಡಿದೆ. ಯಂತ್ರ ಯೋಚಿಸಿ ಮುನ್ನೂರ ಎರಡು ಎಂದಿತು. ಮನೆಯಲ್ಲಿ ಇನ್ನೂರು ದಾಟಿದರೆ ನಾನು ಎರಡು ದಿನ ಮುಖ ಊದಿಸಿಕೊಂಡು ಇರುತ್ತಿದ್ದೆ. ಅವರು ಒಂದು ಕಣ್ಣು ತೆರೆದು ನನ್ನ ಮುಖವನ್ನೇ ನೋಡುತ್ತಿದ್ದರು.

"ಎಷ್ಟು?"

"ಮುನ್ನೂರ ಎರಡು."

"ನಾಲ್ಕು ಲೋಟ ನಾನಾಗಿ ಕುಡಿದದ್ದಲ್ಲ ಮಾರಾಯ್ತಿ. ಮೊದಲನೆಯದು ಉಗುಳಿದ್ದೇನೆ, ಅವನನ್ನು ಬೇಕಾದ್ರೆ ಕೇಳು."

ನಾನು ಆ ಅಂಕಿಯನ್ನು ಮತ್ತೊಮ್ಮೆ ಓದಿದೆ. ಮುನ್ನೂರ ಎರಡು. ಯಂತ್ರವನ್ನು ಕೆಳಗಿಡಲು ಮನಸ್ಸು ಬರಲಿಲ್ಲ.

ಮಗಳು ಮಂಚದ ತುದಿಯಲ್ಲಿ ಕುಳಿತು ತನ್ನ ಹಿಮ್ಮಡಿಯನ್ನು ನೀರಿನ ಬೋಗುಣಿಯಲ್ಲಿ ಅದ್ದಿಟ್ಟಿದ್ದಳು. "ಅಮ್ಮ, ಈಸ್ ದಟ್ ಗುಡ್ ಆರ್ ಬ್ಯಾಡ್?" ಎಂದು ಕೇಳಿದಳು.

"ಇವತ್ತಿಗೆ ಗುಡ್" ಎಂದೆ. "ತುಂಬಾ ಗುಡ್."